ಬಾಡಿಗೆ ದೂರದರ್ಶಕದ ಚಿತ್ರದಲ್ಲಿ ದೋಷ: ಎಲ್ಲಿದೆ, ಯಾರು ಸರಿಮಾಡಬೇಕು?

ಜೂನಿನಿಂದ ಸೆಪ್ಟೆಂಬರಿನವರೆಗೆ ಧನು ರಾಶಿಯ ಎಂ8, ಎಂ20, ಪಕ್ಕದ ಎಂ16 ನೀಹಾರಿಕೆಗಳು ರಾತ್ರಿಯಲ್ಲಿ ಚೆನ್ನಾಗಿ ಮೇಲೇರಿರುವ ಹೊತ್ತಿಗೆ ಕರ್ನಾಟಕದ ಆಕಾಶ ಮಳೆಮೋಡದಿಂದ ಮುಚ್ಚಿರುತ್ತದೆ. ಹಾಗಾಗಿ ಆಸ್ಟ್ರೇಲಿಯದಲ್ಲೋ ಚಿಲಿಯಲ್ಲೋ ಇರುವ ದೂರದರ್ಶಕವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವವರು ಹೆಚ್ಚುತ್ತಿದ್ದಾರೆ. ದೂರದಿಂದ ದೂರದರ್ಶಕ ನಡೆಸುವುದು ನಮಗೆ ಹೊಸದೂ ಅಲ್ಲ: ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದಲ್ಲಿ ನಡೆಸುತ್ತಾರೆ. ವ್ಯತ್ಯಾಸ ಇಷ್ಟೇ: ಏನಾದರೂ ಕೆಟ್ಟರೆ ನೋಡಲು ಅವರಿಗೆ ಹಾನ್ಲೆಯಲ್ಲಿ ಸಿಬ್ಬಂದಿ ಇದ್ದಾರೆ. ಬಾಡಿಗೆಯವರಿಗೆ ಸಿಗುವುದು ಫಿಟ್ಸ್ ಕಡತ (ಖಗೋಳ ಚಿತ್ರ ಉಳಿಸುವ ಕಡತ ಮಾದರಿ) ಮತ್ತು ಒಂದು ದೂರು ಫಾರಂ. ಸ್ಕ್ರೂ ತಿರುಗಿಸಿ ನೋಡುವಂತಿಲ್ಲ, ಲೆನ್ಸ್ ಮೇಲೆ ಇಬ್ಬನಿ ಕೂತಿದೆಯೇ ಎಂದು ಟಾರ್ಚ್ ಬಿಡುವಂತಿಲ್ಲ. ಪತ್ತೆ ಕೆಲಸವೆಲ್ಲ ಕಡತದೊಳಗೇ ಆಗಬೇಕು.

ಬಹುತೇಕರು ಎಡವುವುದು ಇಲ್ಲೇ. ಫ್ರೇಮ್‌ಗಳನ್ನು ಒಂದರ ಮೇಲೊಂದು ಸೇರಿಸಿ (ಸ್ಟ್ಯಾಕ್), ಹಿನ್ನೆಲೆ ತೆಗೆದು, ಮಂಕು ವಿವರ ಕಾಣುವಂತೆ ಬೆಳಗಿಸಿದ (ಸ್ಟ್ರೆಚ್) ಕೊನೆಯ ಚಿತ್ರದಲ್ಲಿ ದೋಷ ಕಂಡಾಗ ಅಲ್ಲೇ ಅದನ್ನು ಒರೆಸಲು ಕೂರುತ್ತಾರೆ. ಸ್ಟ್ಯಾಕ್ ಆದ ಮೇಲೆ ಸುಳಿವುಗಳು ಕಲಸಿಹೋಗಿರುತ್ತವೆ. ಹಿಂದಕ್ಕೆ ಹೋಗಿ ಒಂದೊಂದೇ ಕಚ್ಚಾ ಫ್ರೇಮ್ ನೋಡಬೇಕು.

ಮೊದಲ ಪರೀಕ್ಷೆ: ದೋಷ ಯಾವುದಕ್ಕೆ ಅಂಟಿದೆ?

ಒಂದೇ ಗುರಿಯ, ಒಂದೇ ಫಿಲ್ಟರಿನ ನಾಲ್ಕು ಕಚ್ಚಾ ಫ್ರೇಮ್ ಆರಿಸಿ: ರಾತ್ರಿಯ ಮೊದಲನೆಯದು, ಮೆರಿಡಿಯನ್ ಫ್ಲಿಪ್‌ಗೆ ಸ್ವಲ್ಪ ಮುಂಚಿನದು, ಫ್ಲಿಪ್ ಆದ ಕೂಡಲೇ ತೆಗೆದದ್ದು, ಕೊನೆಯದು. ನಾಲ್ಕಕ್ಕೂ ಒಂದೇ ಪ್ರಮಾಣದ ಸ್ಟ್ರೆಚ್ ಕೊಡಿ. ಮೊದಲು ಜೋಡಿಸದೆ, ಅಂದರೆ ನಕ್ಷತ್ರಗಳನ್ನು ಹೊಂದಿಸದೆ, ಒಂದರ ಹಿಂದೊಂದು ಮಿಟುಕಿಸಿ ನೋಡಿ. ಆಮೇಲೆ ಜೋಡಿಸಿ ನೋಡಿ. ಸಂಸ್ಕರಣಾ ತಂತ್ರಾಂಶವಾದ ಸಿರಿಲ್‌ನಲ್ಲಿ ಫ್ರೇಮ್ ಪಟ್ಟಿಯಲ್ಲಿ ಮೇಲೆ ಕೆಳಗೆ ಓಡಾಡಿದರೆ ಸಾಕು. ಪಿಕ್ಸ್‌ಇನ್‌ಸೈಟ್‌ನಲ್ಲಿ ಇದಕ್ಕೆ ಬ್ಲಿಂಕ್ ಇದೆ.

ಗುರಿ ದಕ್ಷಿಣೋತ್ತರ ರೇಖೆ ದಾಟಿದಾಗ ಜರ್ಮನ್ ಮೌಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಯಂತ್ರ) ಮಗುಚಿಕೊಳ್ಳುತ್ತದೆ (ಇದೇ ಮೆರಿಡಿಯನ್ ಫ್ಲಿಪ್), ಚಿತ್ರ 180 ಡಿಗ್ರಿ ತಿರುಗುತ್ತದೆ. ದೋಷ ಪತ್ತೆಗೆ ಇದು ಪುಕ್ಕಟೆ ಸಿಕ್ಕ ಪ್ರಯೋಗ. ಜೋಡಿಸದ ಫ್ರೇಮ್‌ಗಳಲ್ಲಿ ಫ್ಲಿಪ್ ಆದ ಮೇಲೂ ಅದೇ ಜಾಗದಲ್ಲಿ ಉಳಿದದ್ದು ಕ್ಯಾಮೆರಾ, ಫಿಲ್ಟರ್ ಅಥವಾ ದೃಗ್ವ್ಯವಸ್ಥೆಯ ದೋಷ. ನಕ್ಷತ್ರಗಳ ಜೊತೆ ತಿರುಗಿದ್ದು ಸಾಮಾನ್ಯವಾಗಿ ಆಕಾಶದ್ದು: ಚಂದ್ರನ ಬೆಳಕು, ಊರಿನ ಬೆಳಕು, ಅಥವಾ ನಿಜವಾದ ಅಂತರತಾರಾ ಧೂಳು. ಎರಡಕ್ಕೂ ಅಂಟದೆ ಕೆಲವು ಫ್ರೇಮ್‌ಗಳಲ್ಲಿ ಮಾತ್ರ ಬಂದು ಹೋಗುವುದು ಹೊತ್ತಿಗೆ ಸೇರಿದ್ದು: ಮೋಡ, ಗಾಳಿ, ಉಪಗ್ರಹ, ಫೋಕಸ್ ಜಾರುವಿಕೆ. ಫೋರ್ಕ್ ಮೌಂಟ್‌ಗಳಲ್ಲಿ ಸಾಮಾನ್ಯವಾಗಿ ಫ್ಲಿಪ್ ಇರುವುದಿಲ್ಲ. ಅಲ್ಲಿ ಅದೇ ರಾತ್ರಿಯ ಬೇರೆ ಗುರಿಯ ಫ್ರೇಮ್ ಜೊತೆ ಹೋಲಿಸಬೇಕು.

ಮುಂದಿನದೆಲ್ಲ ಈ ಮೂರು ಕವಲುಗಳ ಮೇಲೆಯೇ ನಿಂತಿದೆ.

ಕಡತ ತೆರೆಯುವುದೇ ಇಲ್ಲ, ಅಥವಾ ಅರ್ಧ ಚಿತ್ರ ಕಪ್ಪು

ಫಿಟ್ಸ್ ಕಡತ 2880 ಬೈಟುಗಳ ತುಂಡುಗಳಲ್ಲಿ ಬರೆಯಲ್ಪಡುತ್ತದೆ. ಕಡತದ ಗಾತ್ರವನ್ನು ಬೈಟುಗಳಲ್ಲಿ ನೋಡಿ 2880ರಿಂದ ಭಾಗಿಸಿ; ಶೇಷ ಉಳಿದರೆ ಡೌನ್‌ಲೋಡ್ ನಡುವೆ ಕಡಿದಿದೆ ಎಂದೇ ಲೆಕ್ಕ. ಸೋನಿ ಐಎಂಎಕ್ಸ್455 ಸೆನ್ಸರಿನ 9576 × 6388 ಪಿಕ್ಸೆಲ್ ಫ್ರೇಮ್, 16 ಬಿಟ್‌ನಲ್ಲಿ, ಹೆಡರ್ ಬಿಟ್ಟು 12.23 ಕೋಟಿ ಬೈಟು ಆಗುತ್ತದೆ. ಮೂವತ್ತು ಫ್ರೇಮ್ ಅಂದರೆ ಮೂರೂವರೆ ಜಿಬಿಗೂ ಮೇಲೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಿದವರಿಗೆ ಒಂದೆರಡು ಫ್ರೇಮ್ ಕತ್ತರಿಸಿ ಬಂದಿದ್ದರೆ ಆಶ್ಚರ್ಯವಿಲ್ಲ. ಇದಕ್ಕೆ ದೂರು ಬರೆಯಬೇಡಿ, ಮತ್ತೆ ಇಳಿಸಿಕೊಳ್ಳಿ.

ತೆರೆದ ಮೇಲೆ ಹೆಡರ್ ಓದಿ. ಎಕ್ಸ್‌ಪೋಶರ್, ಗೇನ್ (ಸಂಕೇತ ಹಿಗ್ಗಿಸುವ ಪ್ರಮಾಣ), ಆಫ್‌ಸೆಟ್ (ಪ್ರತಿ ಪಿಕ್ಸೆಲಿಗೆ ಕ್ಯಾಮೆರಾ ಕೂಡಿಸುವ ಸ್ಥಿರ ಎಣಿಕೆ), ಬಿನ್ನಿಂಗ್ (ಪಕ್ಕದ ಪಿಕ್ಸೆಲ್‌ಗಳನ್ನು ಒಂದಾಗಿ ಓದುವುದು), ಸೆನ್ಸರಿನ ನಿಜವಾದ ತಾಪಮಾನ ಮತ್ತು ನಿಗದಿ ಮಾಡಿದ ತಾಪಮಾನ, ಫಿಲ್ಟರ್, ಪಿಯರ್‌ನ (ಮೌಂಟ್ ನಿಂತ ಕಂಬದ) ಯಾವ ಬದಿ, ಫೋಕಸರ್ ಸ್ಥಾನ, ರೊಟೇಟರ್ (ಕ್ಯಾಮೆರಾ ತಿರುಗಿಸುವ ಸಾಧನ) ಕೋನ: ಇವಿಷ್ಟನ್ನು ಎಲ್ಲ ಫ್ರೇಮ್‌ಗಳಿಗೂ ಒಂದು ಕೋಷ್ಟಕಕ್ಕೆ ಇಳಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಬಯಲಾಗುತ್ತದೆ. ನಿಗದಿ −10, ನಿಜ −3 ಎಂದಿದ್ದರೆ ಕೂಲರ್ ಸೋತಿದೆ. −10ರ ಡಾರ್ಕ್ (ಬೆಳಕು ಬೀಳದಂತೆ ಮುಚ್ಚಿ ತೆಗೆದು, ಚಿತ್ರದಿಂದ ಕಳೆಯುವ ಫ್ರೇಮ್) ಅದಕ್ಕೆ ಹೊಂದುವುದಿಲ್ಲ. ವೀಕ್ಷಣೆಯ ಸಮಯ ಯುಟಿಸಿಯಲ್ಲಿರುತ್ತದೆ, ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಗಡಿಯಾರ. ನಮ್ಮ ಸಂಜೆ ನಾಲ್ಕಕ್ಕೆ ಪೂರ್ವ ಆಸ್ಟ್ರೇಲಿಯದ ಸೈಡಿಂಗ್ ಸ್ಪ್ರಿಂಗ್‌ನಲ್ಲಿ, ಅವರ ಚಳಿಗಾಲದ ಸಮಯದಂತೆ, ರಾತ್ರಿ ಎಂಟೂವರೆ. ಚಿಲಿಯ 14ನೇ ತಾರೀಕಿನ ರಾತ್ರಿ ನಮಗೆ 15ರ ಬೆಳಗು. ಚಂದ್ರನ ಲೆಕ್ಕ ಹಾಕುವಾಗ ಈ ಒಂದು ದಿನ ತಪ್ಪಿದರೆ ಇಡೀ ಬುಕಿಂಗ್ ಬೆಳದಿಂಗಳ ಪಾಲು.

ಗುರಿಯೇ ಚೌಕಟ್ಟಿನಲ್ಲಿಲ್ಲ

ಚಿತ್ರವನ್ನು ಎಎಸ್‌ಟ್ಯಾಪ್‌ನಲ್ಲೋ ಆಸ್ಟ್ರೊಮೆಟ್ರಿ ಡಾಟ್ ನೆಟ್‌ನಲ್ಲೋ ಪ್ಲೇಟ್‌ಸಾಲ್ವ್ ಮಾಡಿ (ನಕ್ಷತ್ರಗಳ ವಿನ್ಯಾಸವನ್ನು ನಕ್ಷತ್ರ ಪಟ್ಟಿಯೊಡನೆ ಹೋಲಿಸಿ), ನಿಜವಾಗಿ ಎಲ್ಲಿ ನೋಡಿದೆ ಎಂದು ತಿಳಿದುಕೊಳ್ಳಿ. ತಪ್ಪಿನ ಅಳತೆಯೇ ಕಾರಣ ಹೇಳುತ್ತದೆ.

ಆಕಾಶದ ಇನ್ನೊಂದು ಮೂಲೆಗೇ ಹೋಗಿದ್ದರೆ ವಿಷುವದಂಶವನ್ನು (ಆಕಾಶದ ಪೂರ್ವ-ಪಶ್ಚಿಮ ನಿರ್ದೇಶಾಂಕ) ಡಿಗ್ರಿಯಲ್ಲಿ ಕೊಟ್ಟಿದ್ದೀರಿ, ತಂತ್ರಾಂಶ ಅದನ್ನು ಗಂಟೆ ಎಂದು ಓದಿದೆ. ಆಂಡ್ರೊಮಿಡಾ ಗೆಲಾಕ್ಸಿಯ ವಿಷುವದಂಶ 0 ಗಂಟೆ 42.7 ನಿಮಿಷ, ಡಿಗ್ರಿಯಲ್ಲಿ 10.68. ಆ 10.68 ಗಂಟೆಯ ಖಾನೆಗೆ ಬಿದ್ದರೆ ದೂರದರ್ಶಕ ಹತ್ತು ಗಂಟೆಯಷ್ಟು ಪೂರ್ವಕ್ಕೆ ಹೋಗುತ್ತದೆ.

ಸುಮಾರು 20 ಆರ್ಕ್‌ಮಿನಿಟಿನಷ್ಟು (ಆರ್ಕ್‌ಮಿನಿಟ್ ಡಿಗ್ರಿಯ 60ನೇ ಒಂದು ಭಾಗ, ಆರ್ಕ್‌ಸೆಕೆಂಡ್ ಅದರ 60ನೇ ಒಂದು ಭಾಗ) ಪಕ್ಕಕ್ಕೆ ಸರಿದಿದ್ದರೆ ಅನುಮಾನ ಬರಬೇಕಾದ್ದು ನಿರ್ದೇಶಾಂಕ ಯಾವ ವರ್ಷದ್ದು ಎಂಬುದರ ಮೇಲೆ. ಅಯನ ಚಲನೆ (ಭೂಮಿಯ ಅಕ್ಷದ ದಿಕ್ಕು ನಿಧಾನಕ್ಕೆ ಬದಲಾಗುವುದು) ವರ್ಷಕ್ಕೆ 50.3 ಆರ್ಕ್‌ಸೆಕೆಂಡ್, 2000ದ ನಿರ್ದೇಶಾಂಕಕ್ಕೂ ಇವತ್ತಿನದಕ್ಕೂ 25 ವರ್ಷದಲ್ಲಿ 21 ಆರ್ಕ್‌ಮಿನಿಟ್‌ವರೆಗೆ ಅಂತರ ಬೀಳುತ್ತದೆ. 530 ಮಿಮೀ ನಾಭಿದೂರದ ಚಿಕ್ಕ ದೂರದರ್ಶಕದಲ್ಲಿ ಇದು ಗೊತ್ತೇ ಆಗುವುದಿಲ್ಲ. ಪ್ಲೇನ್‌ವೇವ್ ಸಿಡಿಕೆ17ರಂಥ 2939 ಮಿಮೀ ದೂರದರ್ಶಕಕ್ಕೆ ಫುಲ್‌ಫ್ರೇಮ್ ಸೆನ್ಸರ್ ಹಾಕಿದರೆ ನೋಟದ ಹರವು 42 × 28 ಆರ್ಕ್‌ಮಿನಿಟ್. ಅಲ್ಲಿ 21 ಮಿನಿಟ್ ಸರಿದರೆ ಗೆಲಾಕ್ಸಿ ಅಂಚಿಗೆ ಹೋಗಿ ಕೂರುತ್ತದೆ.

ಗುರಿ ಚೌಕಟ್ಟಿನಲ್ಲಿದ್ದೂ ಮಂಕಾಗಿದ್ದರೆ ಎತ್ತರ ನೋಡಿ. ಎಂ31ರ, ಅಂದರೆ ಆಂಡ್ರೊಮಿಡಾದ, ಘಂಟಾವೃತ್ತಾಂಶ (ಉತ್ತರ-ದಕ್ಷಿಣ ನಿರ್ದೇಶಾಂಕ) +41.3 ಡಿಗ್ರಿ, ಸೈಡಿಂಗ್ ಸ್ಪ್ರಿಂಗ್‌ನ ಅಕ್ಷಾಂಶ −31.3. ಅಲ್ಲಿಂದ ಅದು ಏರುವುದೇ ಹೆಚ್ಚೆಂದರೆ 17.5 ಡಿಗ್ರಿ. ನೆತ್ತಿಯಲ್ಲಿರುವುದಕ್ಕಿಂತ 3.3 ಪಟ್ಟು ಗಾಳಿಯನ್ನು ದಾಟಿ ಬೆಳಕು ಬರಬೇಕು. ನೆತ್ತಿಯಲ್ಲಿ 2 ಆರ್ಕ್‌ಸೆಕೆಂಡ್ ಇದ್ದ ಸೀಯಿಂಗ್ (ಗಾಳಿಯ ಕದಲಿಕೆಯಿಂದ ನಕ್ಷತ್ರ ಹರಡುವ ಅಗಲ) 4ಕ್ಕೆ ಕೆಡುತ್ತದೆ. ಬುಕಿಂಗ್ ತಂತ್ರಾಂಶ ಒಪ್ಪಿಕೊಂಡಿತೆಂದ ಮಾತ್ರಕ್ಕೆ ಗುರಿ ಸರಿಯೆಂದಲ್ಲ. ಕ್ಯಾರಿನಾ ನೀಹಾರಿಕೆಗೆ ದಕ್ಷಿಣದ ದೂರದರ್ಶಕ ಹಿಡಿಯಿರಿ; ಬೆಂಗಳೂರಿನಿಂದ 17 ಡಿಗ್ರಿ ಮೀರದ ಅದು ಅಲ್ಲಿ 60 ಡಿಗ್ರಿ ದಾಟುತ್ತದೆ. ಆಂಡ್ರೊಮಿಡಾಕ್ಕೆ ಸ್ಪೇನ್ ಅಥವಾ ಅಮೆರಿಕದ್ದು.

ನಕ್ಷತ್ರಗಳು ದಪ್ಪ

ಮೊದಲು ಇದು ದೋಷವೇ ಅಲ್ಲವೇ ನೋಡಿ. ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ ಎಂಬುದಕ್ಕೆ ಪಿಕ್ಸೆಲ್ ಗಾತ್ರವನ್ನು (ಮೈಕ್ರಾನ್) 206.265ರಿಂದ ಗುಣಿಸಿ ನಾಭಿದೂರದಿಂದ (ಮಿಮೀ) ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್, 530 ಮಿಮೀ: 1.46. ಅದೇ ಪಿಕ್ಸೆಲ್ 2939 ಮಿಮೀಯಲ್ಲಿ 2 × 2 ಬಿನ್ ಮಾಡಿದರೆ: 0.53. ನಕ್ಷತ್ರದ ಅಗಲ ಎರಡರಲ್ಲೂ 2.5 ಆರ್ಕ್‌ಸೆಕೆಂಡೇ ಇದ್ದರೂ ಮೊದಲನೆಯದರಲ್ಲಿ 1.7 ಪಿಕ್ಸೆಲ್, ಎರಡನೆಯದರಲ್ಲಿ 4.7 ಪಿಕ್ಸೆಲ್ ಕಾಣುತ್ತದೆ. ದೊಡ್ಡ ದೂರದರ್ಶಕದ ಚಿತ್ರವನ್ನು ನೂರು ಶೇಕಡಾ ಹಿಗ್ಗಿಸಿ ನೋಡಿ 'ಫೋಕಸ್ ಇಲ್ಲ' ಎಂದು ಬರುವ ದೂರುಗಳಲ್ಲಿ ಅನೇಕವು ಇಂಥವೇ. ಯಾವಾಗಲೂ ಆರ್ಕ್‌ಸೆಕೆಂಡಿನಲ್ಲಿ ಮಾತಾಡಿ.

ನಿಜವಾದ ಫೋಕಸ್ ದೋಷ ಹೊತ್ತಿಗೆ ಅಂಟಿಕೊಂಡಿರುತ್ತದೆ. ಫ್ರೇಮ್ ಸಂಖ್ಯೆಗೆ ಎದುರಾಗಿ ನಕ್ಷತ್ರದ ಅಗಲವನ್ನು ಗೆರೆಯಾಗಿ ಎಳೆದು ನೋಡಿ. ನಿಧಾನಕ್ಕೆ ಏರುತ್ತ ಹೋಗಿ ಥಟ್ಟನೆ ಇಳಿದು ಮತ್ತೆ ಏರುತ್ತಿದ್ದರೆ ಆಟೋಫೋಕಸ್ ತೀರ ಅಪರೂಪಕ್ಕೆ ಓಡುತ್ತಿದೆ. ಲೆಕ್ಕ ಹೀಗಿದೆ: ಎಫ್/5ರಲ್ಲಿ (ನಾಭಿದೂರ ವ್ಯಾಸದ 5 ಪಟ್ಟು), ಹಸಿರು ಬೆಳಕಿಗೆ, ಫೋಕಸ್ ನಿಲ್ಲುವ ವಲಯದ ಒಟ್ಟು ಆಳ 4.88 × 0.55 × 25, ಅಂದರೆ 67 ಮೈಕ್ರಾನ್. ನಡುವಿನಿಂದ ಅತ್ತಿತ್ತ 33. ಅಲ್ಯೂಮಿನಿಯಂ ಕೊಳವೆ ಮೀಟರಿಗೆ ಡಿಗ್ರಿಗೆ 23 ಮೈಕ್ರಾನ್ ಕುಗ್ಗುತ್ತದೆ. ಅರ್ಧ ಮೀಟರಿನ ಕೊಳವೆ 5 ಡಿಗ್ರಿ ತಣ್ಣಗಾದರೆ 57 ಮೈಕ್ರಾನ್. ಸಂಜೆ ಮಾಡಿದ ಫೋಕಸ್ ನಡುರಾತ್ರಿಗೆ ವಲಯದ ಹೊರಗೆ. ಎಫ್/3.6ರಲ್ಲಿ ಆ ವಲಯ 35 ಮೈಕ್ರಾನಿಗೆ ಇಳಿಯುತ್ತದೆ, ಅಲ್ಲಿ ಡಿಗ್ರಿ ಡಿಗ್ರಿಗೂ ಫೋಕಸ್ ಬೇಕು. ಪ್ಲಾನ್ ಬರೆಯುವ ಅವಕಾಶ ನಿಮಗಿದ್ದರೆ 1ರಿಂದ 2 ಡಿಗ್ರಿ ಬದಲಾದಾಗಲೂ, ಪ್ರತಿ ಫಿಲ್ಟರ್ ಬದಲಾವಣೆಗೂ ಆಟೋಫೋಕಸ್ ಹಾಕಿ. ಅದಕ್ಕೆ ಹೋಗುವ ಎರಡು ಮೂರು ನಿಮಿಷದ ಬಾಡಿಗೆಗೆ ಕೈ ಬಿಗಿ ಹಿಡಿಯಬೇಡಿ.

ಒಂದೇ ಫಿಲ್ಟರಿನ ಫ್ರೇಮ್‌ಗಳು ಮಾತ್ರ ದಪ್ಪಗಿದ್ದರೆ ಆ ಫಿಲ್ಟರಿಗೆ ನಮೂದಿಸಿದ ಫೋಕಸ್ ಅಂತರ ತಪ್ಪಾಗಿದೆ, ದೂರುಪತ್ರಕ್ಕೆ ಯೋಗ್ಯ. ಚಿತ್ರದ ನಡುವೆ ಮಸುಕು ಕಲೆ, ಉಜ್ವಲ ನಕ್ಷತ್ರಗಳ ಸುತ್ತ ಹತ್ತಿಯಂತೆ ಹರಡಿದ ಬೆಳಕು, ಅದು ಗಂಟೆ ಕಳೆದಂತೆ ಬೆಳೆಯುವುದು, ಮೂಲೆಗಳು ಮಾತ್ರ ಚೆನ್ನಾಗಿರುವುದು: ಇದು ಫೋಕಸ್ ಅಲ್ಲ, ಸೆನ್ಸರ್ ಕೋಣೆಯೊಳಗೆ ತೇವ ಹೋಗಿ ಹಿಮ ಕಟ್ಟಿದೆ. ತೇವ ಹೀರುವ ಡೆಸಿಕೆಂಟ್ ಬದಲಿಸದೆ ಹೋಗುವುದಿಲ್ಲ. ಆ ರಾತ್ರಿಯ ಫ್ರೇಮ್‌ಗಳನ್ನು ಉಳಿಸಿಕೊಳ್ಳುವ ಪ್ರಯತ್ನ ವ್ಯರ್ಥ.

ನಕ್ಷತ್ರಗಳು ಉದ್ದವಾಗಿವೆ

ಚಿತ್ರವನ್ನು ಮೂರು ಅಡ್ಡ ಮೂರು ಚೌಕಗಳಾಗಿ ಕತ್ತರಿಸಿ ನಡುವನ್ನೂ ಮೂಲೆಗಳನ್ನೂ ಅಕ್ಕಪಕ್ಕ ಇಡಿ. ಎಲ್ಲೆಡೆ ಒಂದೇ ದಿಕ್ಕಿಗೆ ಎಳೆದಿದ್ದರೆ ಮೌಂಟ್. ಮೂಲೆಗಳಲ್ಲಿ ಮಾತ್ರ ಇದ್ದರೆ ದೃಗ್ವ್ಯವಸ್ಥೆ.

ಮೌಂಟ್ ಅನಿಸಿದರೆ ಪ್ಲೇಟ್‌ಸಾಲ್ವ್ ಮಾಡಿ ಪೂರ್ವ-ಪಶ್ಚಿಮ ಯಾವುದು ಎಂದು ಗುರುತಿಸಿ. ಪೂರ್ವ-ಪಶ್ಚಿಮಕ್ಕೆ ಎಳೆತ ಇದ್ದರೆ ಗೇರಿನ ಆವರ್ತ ದೋಷ ಅಥವಾ ಟ್ರ್ಯಾಕಿಂಗ್ ವೇಗ. ಉತ್ತರ-ದಕ್ಷಿಣಕ್ಕಿದ್ದರೆ ಧ್ರುವ ಜೋಡಣೆಯ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದರ) ತಪ್ಪು ಅಥವಾ ಆ ಅಕ್ಷದ ಗೇರಿನ ಸಡಿಲ. ಎಲ್ಲ ನಕ್ಷತ್ರಕ್ಕೂ ಪಕ್ಕದಲ್ಲೊಂದು ಮರಿ ಚುಕ್ಕೆ ಅಥವಾ ಬಾಲ ಇದ್ದರೆ ಎಕ್ಸ್‌ಪೋಶರ್ ನಡುವೆ ಜಿಗಿತವಾಗಿದೆ: ಡಿದರ್ (ಫ್ರೇಮ್‌ಗಳ ನಡುವೆ ಬೇಕೆಂದೇ ದೂರದರ್ಶಕವನ್ನು ತುಸು ಸರಿಸುವುದು) ಆದ ಮೇಲೆ ಮೌಂಟ್ ನೆಲೆಗೊಳ್ಳುವ ಮೊದಲೇ ಶಟರ್ ತೆರೆದಿದೆ, ಇಲ್ಲವೇ ಕೇಬಲ್ ಸಿಕ್ಕಿಕೊಂಡು ಬಿಟ್ಟಿದೆ. ಪ್ರತಿ ಫ್ರೇಮಿನಲ್ಲೂ ಬಂದರೆ ಮೊದಲನೆಯದು. ಎಲ್ಲೋ ಒಂದರಲ್ಲಿ, ಅದೂ ಆಕಾಶದ ಒಂದೇ ಭಾಗದಲ್ಲಿ ಬಂದರೆ ಕೇಬಲ್. ಚಿತ್ರದ ಯಾವುದೋ ಒಂದು ಬಿಂದುವಿನ ಸುತ್ತ ಕಮಾನುಗಳಂತೆ ಬಾಗಿದ್ದರೆ ಕ್ಷೇತ್ರ ತಿರುಗುತ್ತಿದೆ, ಧ್ರುವ ಜೋಡಣೆ ಕೆಟ್ಟಿದೆ. 60 ಸೆಕೆಂಡಿನ ಫ್ರೇಮ್ ಒಂದನ್ನು ತೆಗೆಯಿರಿ. ಅದರಲ್ಲಿ ದುಂಡಗಿದ್ದು 600ರಲ್ಲಿ ಉದ್ದವಾದರೆ ಸಂಶಯವೇ ಇಲ್ಲ, ಮೌಂಟ್. 60ರಲ್ಲೂ ಅಷ್ಟೇ ಉದ್ದವಿದ್ದರೆ ಕನ್ನಡಿಯ ಜೋಡಣೆ ನೋಡಬೇಕು.

ಗುರಿ ಕೆಳಗಿದ್ದಾಗ ಇನ್ನೊಂದು ಮೋಸವಿದೆ. ಕ್ಷಿತಿಜದ ಕಡೆಗೆ ನಕ್ಷತ್ರಗಳು ಎಳೆದು, ಬಣ್ಣದ ಕ್ಯಾಮೆರಾದಲ್ಲಿ ಒಂದು ತುದಿ ನೀಲಿ ಇನ್ನೊಂದು ತುದಿ ಕೆಂಪಾಗಿದ್ದರೆ ಅದು ವಾತಾವರಣ ಬೆಳಕನ್ನು ಸೀಳಿದ್ದು. ಮೌಂಟಿನ ತಪ್ಪಲ್ಲ, 30 ಡಿಗ್ರಿಗಿಂತ ಮೇಲೆ ಚಿತ್ರ ತೆಗೆಯಿರಿ.

ಮೂಲೆಯ ದೋಷಕ್ಕೆ ಬಂದರೆ, ನಾಲ್ಕು ಮೂಲೆಯೂ ಸಮನಾಗಿ ಕೆಟ್ಟಿದ್ದರೆ ಸೆನ್ಸರ್ ಮತ್ತು ಫ್ಲಾಟನರ್ (ಅಂಚಿನವರೆಗೂ ಫೋಕಸ್ ಸಮನಾಗಿಸುವ ಲೆನ್ಸ್) ನಡುವಿನ ಅಂತರ ತಪ್ಪಿದೆ. ಸಾಮಾನ್ಯವಾಗಿ ನಕ್ಷತ್ರಗಳು ನಡುವಿನಿಂದ ಹೊರಕ್ಕೆ ಕಿರಣಗಳಂತೆ ಎಳೆದಿದ್ದರೆ ಸೆನ್ಸರ್ ತೀರ ಹತ್ತಿರ, ನಡುವಿನ ಸುತ್ತ ಸುತ್ತಿಕೊಂಡಂತಿದ್ದರೆ ತೀರ ದೂರ. 3 ಮಿಮೀ ದಪ್ಪದ ಫಿಲ್ಟರ್ ಹಾಕಿದರೆ ಬೇಕಾದ ಅಂತರ ಸುಮಾರು 1 ಮಿಮೀ ಹೆಚ್ಚಾಗುತ್ತದೆ. ಫಿಲ್ಟರ್ ಸೆಟ್ ಬದಲಿಸಿದ ಮೇಲೆ ದೋಷ ಶುರುವಾಗಿದ್ದರೆ ಇದನ್ನೇ ಬರೆಯಿರಿ.

ಒಂದೇ ಮೂಲೆ ಅಥವಾ ಒಂದೇ ಅಂಚು ಕೆಟ್ಟಿದ್ದರೆ ಫ್ಲಿಪ್ ಪರೀಕ್ಷೆ ಕೈಗೆ ಬರುತ್ತದೆ. ಫ್ಲಿಪ್‌ಗೆ ಮುಂಚೆಯೂ ಆಮೇಲೂ ಸೆನ್ಸರಿನ ಅದೇ ಮೂಲೆ ಕೆಟ್ಟಿದ್ದರೆ ಸೆನ್ಸರ್ ಓರೆಯಾಗಿದೆ, ಟಿಲ್ಟ್ ತಟ್ಟೆಯಲ್ಲಿ ಸರಿಪಡಿಸಬಹುದು. ಎದುರು ಮೂಲೆಗೆ ಹಾರಿದರೆ ಟಿಲ್ಟ್ ಅಲ್ಲ; ಕ್ಯಾಮೆರಾದ ಭಾರಕ್ಕೆ ಫೋಕಸರ್ ಬಾಗುತ್ತಿದೆ. ಟಿಲ್ಟ್ ತಟ್ಟೆಯ ತಿರುಪುಗಳನ್ನು ಎಷ್ಟು ತಿರುವಿದರೂ ಇದು ಹೋಗುವುದಿಲ್ಲ. ಎಎಸ್‌ಟ್ಯಾಪ್‌ನ ಇಮೇಜ್ ಇನ್‌ಸ್ಪೆಕ್ಟರ್ ಪ್ರತಿ ಮೂಲೆಯ ನಕ್ಷತ್ರ ವ್ಯಾಸವನ್ನು ಅಂಕಿಯಲ್ಲೇ ಕೊಡುತ್ತದೆ. ಫ್ಲಿಪ್‌ನ ಹಿಂದುಮುಂದಿನ ಎರಡು ಚಿತ್ರಗಳನ್ನು ಲಗತ್ತಿಸಿದರೆ ತಂತ್ರಜ್ಞರು ವಾದಕ್ಕೆ ನಿಲ್ಲುವುದಿಲ್ಲ.

ಮೂಲೆಗಳು ಬೆಳ್ಳಗೆ ಅಥವಾ ಕಪ್ಪಗೆ

ಅತಿ ಹೆಚ್ಚು ಜನರನ್ನು ಗೋಳಾಡಿಸುವುದು ಇದು. ತಪ್ಪು ನಮ್ಮ ಮೇಜಿನ ಮೇಲೇ ಇರುವ ಸಂಭವವೂ ಇಲ್ಲೇ ಹೆಚ್ಚು. ಎಲ್ಲರೂ ಫ್ಲ್ಯಾಟ್ ಅನ್ನು (ಸಮನಾದ ಬೆಳಕಿಗೆ ಹಿಡಿದು ತೆಗೆದು, ಚಿತ್ರವನ್ನು ಭಾಗಿಸಲು ಬಳಸುವ ಫ್ರೇಮ್) ಬೈಯುತ್ತಾರೆ. ಲೆಕ್ಕ ಹಾಕಿದರೆ ಬೇರೆಯೇ ಕಥೆ.

ಆಫ್‌ಸೆಟ್ 500 ಎಣಿಕೆ ಇರುವ ಕ್ಯಾಮೆರಾ ಎಂದುಕೊಳ್ಳಿ. ಆಕಾಶದ ಹಿನ್ನೆಲೆ 200. ಮೂಲೆಗೆ ಬೀಳುವ ಬೆಳಕು ನಡುವಿನ 80 ಶೇಕಡಾ. ಕಚ್ಚಾ ಫ್ರೇಮಿನಲ್ಲಿ ನಡುವೆ 700, ಮೂಲೆಯಲ್ಲಿ 160 + 500 = 660. ಡಾರ್ಕ್ ಸರಿಯಾಗಿ ಕಳೆದರೆ ನಡುವೆ 200, ಮೂಲೆಯಲ್ಲಿ 160, ಫ್ಲ್ಯಾಟಿನ 0.8ರಿಂದ ಭಾಗಿಸಿದರೆ ಎರಡೂ 200. ಡಾರ್ಕ್ ಕಳೆಯದೆ ಭಾಗಿಸಿದರೆ ಮೂಲೆ 825, ನಡು 700. ಮೂಲೆ ಹದಿನೆಂಟು ಶೇಕಡಾ ಹೆಚ್ಚು ಬೆಳಗುತ್ತದೆ.

ಈಗ ತಪ್ಪನ್ನು ಫ್ಲ್ಯಾಟಿನ ಕಡೆ ಮಾಡಿ ನೋಡಿ. ಫ್ಲ್ಯಾಟಿನ ನಡುವೆ 24,000, ಮೂಲೆಯಲ್ಲಿ 19,200. ಆಫ್‌ಸೆಟ್ ಕಳೆಯದಿದ್ದರೆ 24,500 ಮತ್ತು 19,700, ಅನುಪಾತ 0.8ರ ಬದಲು 0.804. ಮೂಲೆ ಅರ್ಧ ಶೇಕಡಾ ಕಪ್ಪಗೆ ಉಳಿಯುತ್ತದೆ, ಅಷ್ಟೇ. ಗಟ್ಟಿಯಾಗಿ ಸ್ಟ್ರೆಚ್ ಮಾಡಿದರೆ ಕಂಡೀತು.

ಹೀಗಾಗಿ ಮೂಲೆಗಳು ಎದ್ದು ಕಾಣುವಷ್ಟು ಬೆಳ್ಳಗಾಗಿದ್ದರೆ ಫ್ಲ್ಯಾಟ್ ಬಿಟ್ಟು ಲೈಟ್ ಫ್ರೇಮಿನ (ಗುರಿಯ ಚಿತ್ರದ) ಡಾರ್ಕ್ ಪರಿಶೀಲಿಸಿ. ಡಾರ್ಕ್ ಹಾಕಿಯೇ ಇಲ್ಲವೇ? ಹಾಕಿದ ಡಾರ್ಕಿನ ಆಫ್‌ಸೆಟ್ ಲೈಟಿನದಕ್ಕಿಂತ ಕಡಿಮೆಯೇ? ನ್ಯಾರೋಬ್ಯಾಂಡಿನಲ್ಲಿ (ಒಂದು ಕಿರಿದಾದ ಬಣ್ಣಪಟ್ಟಿ ಮಾತ್ರ ಬಿಡುವ ಫಿಲ್ಟರಿನಲ್ಲಿ) ಆಕಾಶದ ಎಣಿಕೆ ಹತ್ತಿಪ್ಪತ್ತಕ್ಕೆ ಇಳಿದಿರಬಹುದು, ಅಲ್ಲಿ ಈ ತಪ್ಪು ನೀಹಾರಿಕೆಯನ್ನೇ ನುಂಗುತ್ತದೆ. ಮೂಲೆಗಳು ತುಸುವೇ ಕಪ್ಪಾಗಿದ್ದರೆ ಫ್ಲ್ಯಾಟಿಗೆ ಡಾರ್ಕ್-ಫ್ಲ್ಯಾಟ್ (ಫ್ಲ್ಯಾಟಿನಷ್ಟೇ ಹೊತ್ತಿನ ಡಾರ್ಕ್) ಕಳೆದಿದೆಯೇ ನೋಡಿ.

ಇನ್ನೊಂದು ಸಾಮಾನ್ಯ ಅವಾಂತರ ಎರಡು ಸಲ ಕ್ಯಾಲಿಬ್ರೇಶನ್ (ಡಾರ್ಕ್ ಕಳೆದು ಫ್ಲ್ಯಾಟಿನಿಂದ ಭಾಗಿಸುವುದು). ಅನೇಕ ಸೇವೆಗಳು ಕಚ್ಚಾ ಫ್ರೇಮಿನ ಜೊತೆಗೆ ಸಂಸ್ಕರಿಸಿದ ಫ್ರೇಮನ್ನೂ ಕೊಡುತ್ತವೆ. ಸಂಸ್ಕರಿಸಿದ್ದಕ್ಕೆ ಮತ್ತೆ ಡಾರ್ಕ್ ಕಳೆದರೆ ಹಿನ್ನೆಲೆ ಸೊನ್ನೆಗಿಂತ ಕೆಳಗಿಳಿದು ಕರಿಮೆಣಸು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ತುಂಬುತ್ತದೆ. ಹಿನ್ನೆಲೆಯ ಮಧ್ಯಾಂಕ ನೋಡಿದರೆ ತಿಳಿಯುತ್ತದೆ: ಕಚ್ಚಾದಲ್ಲಿ ಆಫ್‌ಸೆಟ್‌ಗಿಂತ ಮೇಲಿರಬೇಕು, ಸಂಸ್ಕರಿಸಿದ್ದರಲ್ಲಿ ಸೊನ್ನೆಗೆ ಹತ್ತಿರ ಆದರೆ ಧನ ಸಂಖ್ಯೆ. ಒಂದೇ ಸಲ ಕ್ಯಾಲಿಬ್ರೇಟ್ ಮಾಡಿದ ನ್ಯಾರೋಬ್ಯಾಂಡಿನಲ್ಲೂ ಚುಕ್ಕೆಗಳು ಬಂದರೆ 16 ಬಿಟ್ ಬಿಟ್ಟು 32 ಬಿಟ್ ಫ್ಲೋಟಿನಲ್ಲಿ ಕೆಲಸ ಮಾಡಿ, ಅಥವಾ 100 ಎಣಿಕೆಯ ಪೆಡೆಸ್ಟಲ್ (ಎಲ್ಲ ಪಿಕ್ಸೆಲಿಗೂ ಕೂಡಿಸುವ ಸ್ಥಿರ ಸಂಖ್ಯೆ) ಸೇರಿಸಿ.

ಡಾರ್ಕಿನ ಗೇನ್, ಆಫ್‌ಸೆಟ್, ತಾಪಮಾನ, ಎಕ್ಸ್‌ಪೋಶರ್, ಬಿನ್ನಿಂಗ್ ಐದೂ ಲೈಟಿನದ್ದೇ ಇರಬೇಕು. ಐಎಂಎಕ್ಸ್294, ಐಎಂಎಕ್ಸ್183ರಂಥ ಅಂಚಿನಲ್ಲಿ ಹೊಳಪು ಬರುವ ಸೆನ್ಸರಿಗೆ 300 ಸೆಕೆಂಡಿನ ಡಾರ್ಕನ್ನು 600ಕ್ಕೆ ಹಿಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ. ಆ ಹೊಳಪು ಉಳಿದ ಡಾರ್ಕ್ ಸಂಕೇತದ ಅನುಪಾತಕ್ಕೆ ಬೆಳೆಯುವುದಿಲ್ಲ. ಐಎಂಎಕ್ಸ್455, 571, 533ರಲ್ಲಿ ಈ ಕಾಟ ಇಲ್ಲ.

ವಡೆಗಳು

ಕನ್ನಡಿ ದೂರದರ್ಶಕದಲ್ಲಿ ಧೂಳಿನ ಕಣದ ನೆರಳು ಉದ್ದಿನ ವಡೆಯ ಹಾಗೆ ನಡುವೆ ತೂತಿರುವ ಉಂಗುರ. ಲೆನ್ಸ್ ದೂರದರ್ಶಕದಲ್ಲಿ ತೂತಿಲ್ಲದ ಬಿಲ್ಲೆ. ಕಣ ಎಲ್ಲಿ ಕೂತಿದೆ ಎಂಬುದನ್ನು ಅಳೆಯಬಹುದು: ನೆರಳಿನ ವ್ಯಾಸವನ್ನು ಎಫ್ ಸಂಖ್ಯೆಯಿಂದ ಗುಣಿಸಿದರೆ ಸೆನ್ಸರಿನಿಂದ ಅದರ ದೂರ. ಎಫ್/6.8ರಲ್ಲಿ 3.76 ಮೈಕ್ರಾನಿನ 200 ಪಿಕ್ಸೆಲ್ ಅಗಲದ ಉಂಗುರ 0.75 ಮಿಮೀ, ದೂರ 5 ಮಿಮೀ: ಸೆನ್ಸರಿನ ಗಾಜು. 1000 ಪಿಕ್ಸೆಲ್ ಉಂಗುರವಾದರೆ 25 ಮಿಮೀ ಆಚೆ: ಫಿಲ್ಟರ್. ಎರಡನೆಯದಾದರೆ ಬೇರೆ ಫಿಲ್ಟರಿನ ಫ್ರೇಮಿನಲ್ಲಿ ಅದು ಇರಬಾರದು, ಹೋಲಿಸಿ ಖಚಿತ ಮಾಡಿಕೊಳ್ಳಿ.

ಫ್ಲ್ಯಾಟ್ ಹಾಕಿದ ಮೇಲೂ ಉಂಗುರ ಉಳಿದು, ಒಂದು ಬದಿ ಬಿಳಿ ಇನ್ನೊಂದು ಬದಿ ಕಪ್ಪಾಗಿ ಉಬ್ಬಿದಂತೆ ಕಂಡರೆ ಫ್ಲ್ಯಾಟ್ ತೆಗೆದ ಮೇಲೆ ಏನೋ ಜರುಗಿದೆ. ದೊಡ್ಡ ಉಂಗುರಗಳು ಮಾತ್ರ ಹೀಗಿದ್ದರೆ ಫಿಲ್ಟರ್ ಚಕ್ರ ಅದೇ ಜಾಗಕ್ಕೆ ಬಂದು ನಿಂತಿಲ್ಲ. ಉಂಗುರಗಳೆಲ್ಲ ಚೊಕ್ಕವಾಗಿ ಹೋಗಿ ಮೂಲೆಯ ನೆರಳು ಮಾತ್ರ ಒಂದು ಕಡೆ ಉಳಿದಿದ್ದರೆ ರೊಟೇಟರ್ ಕೋನ ಬೇರೆ: ಕ್ಯಾಮೆರಾ ಬದಿಯ ಧೂಳು ಸೆನ್ಸರಿನ ಜೊತೆ ತಿರುಗುತ್ತದೆ, ಕೊಳವೆಯ ನೆರಳು ತಿರುಗುವುದಿಲ್ಲ. ಹೆಡರಿನಲ್ಲಿ ಲೈಟ್ ಮತ್ತು ಫ್ಲ್ಯಾಟಿನ ಕೋನ ಹೋಲಿಸಿ. ಸೇವೆಯ ಫ್ಲ್ಯಾಟ್ ಒಂದೇ ಕೋನದಲ್ಲಿದ್ದರೆ ನಿಮ್ಮ ಪ್ಲಾನನ್ನೂ ಆ ಕೋನಕ್ಕೇ ಕಟ್ಟಿ.

ಉಜ್ವಲ ನಕ್ಷತ್ರದ ಸುತ್ತ ಬರುವ ಬೆಳಕಿನ ಬಿಲ್ಲೆ ಬೇರೆ ಜಾತಿ. ಕುದುರೆತಲೆ ನೀಹಾರಿಕೆಯ ಪಕ್ಕದ ಆಲ್ನಿಟಾಕ್ ಇದಕ್ಕೆ ಹೆಸರುವಾಸಿ. ಫಿಲ್ಟರ್ ಮತ್ತು ಸೆನ್ಸರ್ ಗಾಜಿನ ನಡುವೆ ಬೆಳಕು ಪುಟಿದು ಬರುವುದರಿಂದ ಆಗುತ್ತದೆ. ಬಾಡಿಗೆದಾರರು ಮಾಡಬಹುದಾದ್ದು ಬೇರೆ ಫಿಲ್ಟರ್ ಇರುವ ದೂರದರ್ಶಕ ಹಿಡಿಯುವುದು ಮಾತ್ರ.

ಓರೆ ಗೀರುಗಳು

ಸ್ಟ್ಯಾಕಿನ ಹಿನ್ನೆಲೆಯಲ್ಲಿ ಮಳೆ ಓರೆಯಾಗಿ ಬಿದ್ದಂತೆ ಗೀರುಗಳಿದ್ದು, ಒಂಟಿ ಫ್ರೇಮಿನಲ್ಲಿ ಅವು ಇಲ್ಲದಿದ್ದರೆ ಅದು ನಡೆಯುವ ಗದ್ದಲ (ವಾಕಿಂಗ್ ನಾಯ್ಸ್). ಗೈಡ್ ಕ್ಯಾಮೆರಾಕ್ಕೂ (ಗುರಿ ಜಾರದಂತೆ ಮೌಂಟನ್ನು ತಿದ್ದಲು ಒಂದು ನಕ್ಷತ್ರ ನೋಡುತ್ತಿರುವ ಕ್ಯಾಮೆರಾ) ಮುಖ್ಯ ದೂರದರ್ಶಕಕ್ಕೂ ನಡುವಿನ ಬಾಗುವಿಕೆಯಿಂದ ಚಿತ್ರ ಫ್ರೇಮಿಗೊಂದಿಷ್ಟು ಒಂದೇ ದಿಕ್ಕಿಗೆ ಜಾರುತ್ತದೆ. ಜೋಡಿಸುವಾಗ ಸೆನ್ಸರಿನ ಸ್ಥಿರ ಮಚ್ಚೆಗಳು ಗೆರೆಯಾಗುತ್ತವೆ. ಮದ್ದು ಡಿದರ್. 'ಡಿದರ್ ಹಾಕಿದ್ದೆವಲ್ಲ' ಎನ್ನುವವರು ಅಳತೆ ನೋಡಬೇಕು. ಅನೇಕ ಪ್ಲಾನ್‌ಗಳಲ್ಲಿ ಡಿದರ್ ಅನ್ನು ಗೈಡ್ ಕ್ಯಾಮೆರಾದ ಪಿಕ್ಸೆಲಿನಲ್ಲಿ ಕೊಡುತ್ತಾರೆ. 240 ಮಿಮೀ ಗೈಡ್ ದೂರದರ್ಶಕ, 3.75 ಮೈಕ್ರಾನ್ ಕ್ಯಾಮೆರಾ: ಒಂದು ಪಿಕ್ಸೆಲ್ 3.2 ಆರ್ಕ್‌ಸೆಕೆಂಡ್, ಮುಖ್ಯ ಚಿತ್ರದ (0.53) ಆರು ಪಿಕ್ಸೆಲ್. ಡಿದರ್ 3 ಎಂದರೆ 18 ಪಿಕ್ಸೆಲ್, ಧಾರಾಳ. ಅದೇ ಕ್ಯಾಮೆರಾ 2939 ಮಿಮೀ ದೂರದರ್ಶಕದ ಆಫ್-ಆಕ್ಸಿಸ್ ಗೈಡರಿನಲ್ಲಿದ್ದರೆ (ಮುಖ್ಯ ದೂರದರ್ಶಕದ ಬೆಳಕನ್ನೇ ಅಂಚಿನಿಂದ ತೆಗೆದುಕೊಳ್ಳುವ ಸಾಧನ) ಒಂದು ಪಿಕ್ಸೆಲ್ 0.26 ಆರ್ಕ್‌ಸೆಕೆಂಡ್, ಡಿದರ್ 3 ಎಂದರೆ ಮುಖ್ಯ ಚಿತ್ರದಲ್ಲಿ ಒಂದೂವರೆ ಪಿಕ್ಸೆಲ್. ಏನೂ ಸಾಲದು. ಮುಖ್ಯ ಚಿತ್ರದಲ್ಲಿ ಕನಿಷ್ಠ 10 ಪಿಕ್ಸೆಲ್, ಯಾದೃಚ್ಛಿಕ ದಿಕ್ಕಿಗೆ, ಪ್ರತಿ ಫ್ರೇಮಿಗೆ ಅಥವಾ ಎರಡಕ್ಕೊಮ್ಮೆ.

ನೇರವಾದ ಉದ್ದ ಗೆರೆ ಒಂದೇ ಫ್ರೇಮಿನಲ್ಲಿದ್ದರೆ ಉಪಗ್ರಹ. 15-20 ಫ್ರೇಮ್ ಇದ್ದರೆ ಸಿಗ್ಮಾ ಕ್ಲಿಪ್ಪಿಂಗ್ (ಸ್ಟ್ಯಾಕ್ ಮಾಡುವಾಗ ಸರಾಸರಿಯಿಂದ ದೂರದ ಎಣಿಕೆ ಬಿಡುವುದು) ನುಂಗಿಹಾಕುತ್ತದೆ. ಐದಾರೇ ಇದ್ದರೆ ಪರ್ಸೆಂಟೈಲ್ ಪದ್ಧತಿ ಬಳಸಿ. ಹಳೆಯ ಕೆಎಎಫ್-16803 ಸಿಸಿಡಿ ಇರುವ ದೂರದರ್ಶಕದಲ್ಲಿ ನೀವು ನೋಡಿಯೇ ಇಲ್ಲದ ನಕ್ಷತ್ರಗುಚ್ಛದ ಮಸುಕು ನೆರಳು ಮೊದಲ ಫ್ರೇಮ್‌ಗಳಲ್ಲಿ ಕಂಡು ಕ್ರಮೇಣ ಮಾಯವಾದರೆ, ಅದು ಹಿಂದಿನ ಬಾಡಿಗೆದಾರರ ಗುರಿ. ಸೆನ್ಸರಿನಲ್ಲಿ ಸಿಕ್ಕಿಬಿದ್ದ ವಿದ್ಯುದಂಶ ನಿಧಾನಕ್ಕೆ ಸೋರುತ್ತದೆ. ಮೊದಲ ಕೆಲವು ಫ್ರೇಮ್ ಬಿಟ್ಟುಬಿಡಿ.

ಮೋಡ, ಚಂದ್ರ, ಬಣ್ಣ

ಊರಿನ ಬಳಿ ಮೋಡ ಬಂದರೆ ಹಿನ್ನೆಲೆ ಬೆಳಗುತ್ತದೆ. ನಿಜವಾದ ಕತ್ತಲೆಯ ಜಾಗದಲ್ಲಿ ಮೋಡ ಆಕಾಶಕ್ಕಿಂತ ಕಪ್ಪು, ಹಿನ್ನೆಲೆ ಇಳಿಯಲೂಬಹುದು. ಹಿನ್ನೆಲೆಯ ಮಟ್ಟ ನಂಬದೆ ಪ್ರತಿ ಫ್ರೇಮಿನಲ್ಲಿ ಸಿಕ್ಕ ನಕ್ಷತ್ರಗಳ ಎಣಿಕೆ ನೋಡಿ; ರಾತ್ರಿಯ ಒಳ್ಳೆಯ ಫ್ರೇಮಿನ ಮುಕ್ಕಾಲಿಗಿಂತ ಕಡಿಮೆ ಇದ್ದರೆ ತೆಗೆದುಹಾಕಿ.

ಚಂದ್ರನ ಬೆಳಕು ಗಾಳಿಯಲ್ಲಿ ಚದುರುವಾಗ ನೀಲಿಯ ಕಡೆಗೆ ವಾಲುತ್ತದೆ. ಹಾಗಾಗಿ 656.3 ನ್ಯಾನೋಮೀಟರಿನ ಎಚ್-ಆಲ್ಫಾ (ಹೈಡ್ರೋಜನ್) ಫಿಲ್ಟರ್ ಬೆಳದಿಂಗಳನ್ನು ಸಹಿಸುತ್ತದೆ, 500.7ರ ಆಕ್ಸಿಜನ್ ಫಿಲ್ಟರ್ ಅಷ್ಟು ಸಹಿಸುವುದಿಲ್ಲ. ಆಕ್ಸಿಜನ್ ಫ್ರೇಮಿನಲ್ಲಿ ಮಾತ್ರ ಒಂದು ಬದಿ ಬೆಳಗಿದ್ದರೆ ಕಾರಣ ಇದೇ. ಗೆಲಾಕ್ಸಿಗಳ ಬ್ರಾಡ್‌ಬ್ಯಾಂಡ್ ಚಿತ್ರಕ್ಕೆ ಅಮಾವಾಸ್ಯೆಯ ಆಸುಪಾಸು ಬಿಟ್ಟರೆ ಹಣ ದಂಡ.

ಬಣ್ಣದ ಕ್ಯಾಮೆರಾದ ಚಿತ್ರದಲ್ಲಿ ನಕ್ಷತ್ರಗಳೂ ಹಸಿರು-ನೇರಳೆಯಾಗಿದ್ದರೆ ಬೇಯರ್ ಮಾದರಿ (ಪಿಕ್ಸೆಲ್‌ಗಳ ಮೇಲಿನ ಕೆಂಪು-ಹಸಿರು-ನೀಲಿ ಫಿಲ್ಟರ್‌ಗಳ ಕ್ರಮ) ತಪ್ಪು. ಸಾಲುಗಳನ್ನು ಮೇಲಿನಿಂದಲೋ ಕೆಳಗಿನಿಂದಲೋ ಓದಬೇಕು ಎಂಬುದರಲ್ಲಿ ತಂತ್ರಾಂಶಗಳಿಗೆ ಒಮ್ಮತವಿಲ್ಲ, ಹೆಡರಿನ ರೋ-ಆರ್ಡರ್ ನೋಡಿ. ಆರ್‌ಜಿಜಿಬಿ ಇದ್ದದ್ದು ಜಿಬಿಆರ್‌ಜಿ ಆಗಿರುತ್ತದೆ. ಗಂಧಕ, ಹೈಡ್ರೋಜನ್, ಆಕ್ಸಿಜನ್ ಸೇರಿಸಿದ ಹಬಲ್ ಬಣ್ಣದ ಚಿತ್ರ ಇಡೀ ಹಸಿರಾಗಿದ್ದರೆ ದೋಷವಲ್ಲ. ಹೈಡ್ರೋಜನ್ ಬಹುತೇಕ ಕಡೆ ಉಳಿದೆರಡಕ್ಕಿಂತ ಪ್ರಬಲ.

ದೂರು ಬರೆಯುವಾಗ

ಸ್ಟ್ರೆಚ್ ಮಾಡಿದ ಜೆಪೆಗ್ ಕಳಿಸಿ 'ಚಿತ್ರ ಚೆನ್ನಾಗಿಲ್ಲ, ಹಣ ವಾಪಸ್ ಕೊಡಿ' ಎಂದರೆ ಹವಾಮಾನದ ಮೇಲೆ ಹಾಕಿ ಮುಗಿಸುತ್ತಾರೆ. ಕಚ್ಚಾ ಫ್ರೇಮಿನ ಹೆಸರುಗಳು, ಯುಟಿಸಿ ಸಮಯ, ಫಿಲ್ಟರ್, ಪಿಯರ್ ಬದಿ, ಆರ್ಕ್‌ಸೆಕೆಂಡಿನಲ್ಲಿ ನಕ್ಷತ್ರದ ಅಗಲ, ಮತ್ತು ದೋಷ ಯಾವುದಕ್ಕೆ ಅಂಟಿದೆ ಎಂಬುದನ್ನು ತೋರಿಸುವ ಎರಡು ಫ್ರೇಮ್ ಕಳಿಸಿ. ಇಂಥ ಒಂದು ಸಾಲು ಸಾಕು: 'ಬಲ ಮೇಲ್ಮೂಲೆಯಲ್ಲಿ ನಕ್ಷತ್ರದ ಅಗಲ 4.1, ನಡುವೆ 2.4, ಪಿಯರ್‌ನ ಎರಡೂ ಬದಿಯಲ್ಲಿ ಅದೇ ಮೂಲೆ.' ಓದಿದವರಿಗೆ ಟಿಲ್ಟ್ ಎಂದು ಬಿಡಿಸಿ ಹೇಳಬೇಕಿಲ್ಲ. ಅದೇ ದೂರದರ್ಶಕದ ಹಿಂದಿನ ವಾರದ ಫ್ರೇಮ್ ಇದ್ದರೆ ಜೊತೆಗಿಡಿ, ದೋಷ ಯಾವಾಗ ಶುರುವಾಯಿತೆಂದು ತಿಳಿಯುತ್ತದೆ.

ಅವರು ಟಿಲ್ಟ್ ತಿದ್ದಿದರೋ, ಫಿಲ್ಟರ್ ಒರೆಸಿದರೋ, ಕ್ಯಾಮೆರಾ ಬಿಚ್ಚಿ ಡೆಸಿಕೆಂಟ್ ಬದಲಿಸಿದರೋ, ಆ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕೆ ಹಿಂದಿನ ಫ್ಲ್ಯಾಟ್‌ಗಳು ಮುಂದಿನ ಲೈಟ್ ಫ್ರೇಮ್‌ಗಳಿಗೆ ಹೊಂದುವುದಿಲ್ಲ. ಹೊಸ ಫ್ಲ್ಯಾಟ್ ಸೆಟ್ ಬರುವವರೆಗೆ ಮುಂದಿನ ಬುಕಿಂಗ್ ಮಾಡಬೇಡಿ.